ಸಾಕ್ಷಿ ಹೇಳಲು ಬಂದ ಪವಾಡ

ಕ್ರೈಸ್ತ ದೇವಶಾಸ್ತ್ರದಲ್ಲಿ ಮೂರು ಮಾತುಗಳು ಒಂದನ್ನೊಂದು ಬಿಟ್ಟು ನಿಲ್ಲುವುದಿಲ್ಲ. ದೇವರು ಜಗತ್ತನ್ನು ಸೃಷ್ಟಿಸಿದ. ಆ ದೇವರು ಮನುಷ್ಯರಿಗೆ ತನ್ನನ್ನು ಪ್ರಕಟಿಸಿಕೊಂಡ. ಆ ಪ್ರಕಟನೆ ನಿಜವೆನ್ನಲು ಪವಾಡಗಳು ಸಾಕ್ಷಿಯಾದವು. ಹೊರಗಿನವರಿಗೆ ಕೇಳಿಸುವ ಗದ್ದಲವೆಲ್ಲ ಮೂರನೆಯದರ ಬಗ್ಗೆ: ಪವಾಡ ನಡೆಯಬಲ್ಲದೆ, ಇಲ್ಲವೆ? ಆದರೆ ಈ ವಾದದ ಹದಿನೆಂಟು ಶತಮಾನಗಳನ್ನು ಸಾಲಾಗಿ ಇಟ್ಟು ನೋಡಿದರೆ, ಪ್ರತಿ ಸಲ ಮೊದಲು ಅಲುಗಿದ್ದು ಸೃಷ್ಟಿಯ ಕಲ್ಪನೆ. ಜಗತ್ತು ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆ ಬದಲಾದಾಗಲೆಲ್ಲ ಪವಾಡದ ಅರ್ಥವೂ ಬದಲಾಗಿದೆ. ದೈವಪ್ರಕಟನೆಯ ಪರ ಸಾಕ್ಷಿ ಹೇಳಲು ಬಂದ ಪವಾಡ ಕೊನೆಗೆ ತಾನೇ ಆರೋಪಿಯ ಕಟಕಟೆ ಹತ್ತಬೇಕಾಗಿ ಬಂದದ್ದೂ ಹೀಗೆಯೇ.

ಹಿಪ್ಪೊ ನಗರದ ದಾಖಲೆಗಳು

ಏನೂ ಇಲ್ಲದ ಸ್ಥಿತಿಯಿಂದ ದೇವರು ಜಗತ್ತನ್ನು ಉಂಟುಮಾಡಿದ ಎಂಬ ಸಿದ್ಧಾಂತ ಸ್ಪಷ್ಟ ರೂಪ ಪಡೆದದ್ದು ಎರಡನೆಯ ಶತಮಾನದ ಉತ್ತರಾರ್ಧದಲ್ಲಿ, ಅಂತಿಯೋಕ್ಯದ ಥಿಯೋಫಿಲಸ್ ಮತ್ತು ಲಿಯೋನ್‌ನ ಐರೇನಿಯಸ್ ಅವರ ಬರಹಗಳಲ್ಲಿ. ಮೂಲದ್ರವ್ಯ ಅನಾದಿ, ದೇವರು ಅದಕ್ಕೆ ರೂಪ ಕೊಟ್ಟವನು ಅಷ್ಟೇ ಎಂಬ ಗ್ರೀಕ್ ವಿಚಾರವನ್ನು ಇಬ್ಬರೂ ತಳ್ಳಿಹಾಕಿದರು. ದ್ರವ್ಯವೂ ದೇವರದೇ ಎಂದಮೇಲೆ ಅವನ ಕೈ ತಡೆಯುವಂಥದ್ದು ಜಗತ್ತಿನಲ್ಲಿ ಏನೂ ಉಳಿಯಲಿಲ್ಲ. ಹಾಗಾಗಿ ಪವಾಡ ಸಾಧ್ಯವೇ ಎಂದು ಆಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಅದು ಯಾರ ಶಕ್ತಿಯಿಂದ ನಡೆಯಿತು ಎಂಬುದಕ್ಕೇ ಜಗಳ. ಯೇಸು ಈಜಿಪ್ಟಿನಲ್ಲಿ ಮಾಟ ಕಲಿತು ಬಂದವನು ಎಂದು ಸೆಲ್ಸಸ್ ಎಂಬ ಪಂಡಿತ ಬರೆದಿದ್ದ. ಮೂರನೆಯ ಶತಮಾನದಲ್ಲಿ ಅವನಿಗೆ ಉತ್ತರ ಬರೆದ ಒರಿಗೆನ್, ಮಾಟಗಾರರು ಜನರ ನಡತೆಯನ್ನು ತಿದ್ದಲು ಹೋಗುವುದಿಲ್ಲ, ಯೇಸು ತಿದ್ದಿದ ಎಂದ. ಘಟನೆ ನಡೆಯಿತು ಎಂದು ಇಟ್ಟುಕೊಂಡೇ ಇಬ್ಬರ ವಾದವೂ ಸಾಗಿತ್ತು.

ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ ಅಗಸ್ಟೀನ್ (354–430) ಮೊದಮೊದಲು ಪವಾಡಗಳ ಕಾಲ ಮುಗಿಯಿತು ಎಂದೇ ಬರೆದಿದ್ದ. ವಯಸ್ಸಾದ ಮೇಲೆ ಆ ಮಾತನ್ನು ತಿದ್ದಿಕೊಂಡ. ಹಿಪ್ಪೊದಲ್ಲಿ ಸಂತ ಸ್ತೆಫಾನನ ಸ್ಮಾರಕ ಸ್ಥಾಪನೆಯಾದ ಮೇಲೆ, ಅಲ್ಲಿ ಗುಣವಾದವರ ಕಥನಗಳನ್ನು ಅವನು ಬರಹಕ್ಕೆ ಇಳಿಸತೊಡಗಿದ. ಎರಡು ವರ್ಷ ತುಂಬುವ ಮೊದಲೇ ಇಂಥ ಸುಮಾರು ಎಪ್ಪತ್ತು ಬರಹಗಳು ಸೇರಿದ್ದವು ಎಂದು ‘ದೇವರ ನಗರ’ ಗ್ರಂಥದ ಕೊನೆಯ ಭಾಗದಲ್ಲಿ ಹೇಳುತ್ತಾನೆ. ಕಪ್ಪದೋಕ್ಯದ ಸಿಸೇರಿಯದಿಂದ ಬಂದ ಪೌಲ ಮತ್ತು ಪಲ್ಲಾದಿಯ ಎಂಬ ಅಣ್ಣ-ತಂಗಿಯ ಕಥೆ ಅಲ್ಲಿದೆ. ತಾಯಿಯ ಶಾಪದಿಂದ ಇಬ್ಬರಿಗೂ ಮೈಯೆಲ್ಲ ನಡುಗುವ ಕಾಯಿಲೆ. ಈಸ್ಟರ್ ದಿನ ಬೆಳಿಗ್ಗೆ ಸ್ಮಾರಕದ ಕಟಾಂಜನ ಹಿಡಿದು ಪ್ರಾರ್ಥಿಸುತ್ತಿದ್ದ ಪೌಲ ಬಿದ್ದು, ಎದ್ದಾಗ ನಡುಕ ನಿಂತಿತ್ತು. ಕೆಲದಿನಗಳಲ್ಲೇ ಅವನ ಕಥನವನ್ನು ದೇವಾಲಯದಲ್ಲಿ ಓದಿಸುವಾಗ ಅಗಸ್ಟೀನ್ ಇಬ್ಬರನ್ನೂ ಮೆಟ್ಟಿಲ ಮೇಲೆ ನಿಲ್ಲಿಸಿದ: ಒಬ್ಬ ಸ್ಥಿರವಾಗಿ, ಇನ್ನೊಬ್ಬಳು ನಡುಗುತ್ತ. ಅವನ ಬೋಧನೆ ಮುಗಿಯುವ ಮೊದಲೇ ಸ್ಮಾರಕದ ಕಡೆಯಿಂದ ಕೂಗು ಎದ್ದಿತು, ಪಲ್ಲಾದಿಯಳಿಗೂ ಗುಣವಾಗಿತ್ತು.

ಆದರೆ ದಾಖಲೆಗಿಂತ ಹೆಚ್ಚು ಕಾಲ ಬಾಳಿದ್ದು ಅಗಸ್ಟೀನನ ವಿವರಣೆ. ಪವಾಡ ಪ್ರಕೃತಿಗೆ ವಿರುದ್ಧವಲ್ಲ, ಪ್ರಕೃತಿಯ ಬಗ್ಗೆ ನಾವು ಅರಿತಿರುವುದಕ್ಕೆ ವಿರುದ್ಧ, ಅಷ್ಟೇ. ಕಾನಾ ಊರಿನ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದವನು ಪ್ರತಿ ವರ್ಷ ಬಳ್ಳಿಗಳಲ್ಲಿ ಮಳೆನೀರನ್ನು ದ್ರಾಕ್ಷಾರಸ ಮಾಡುತ್ತಲೇ ಇದ್ದಾನೆ. ದಿನಾ ನೋಡಿ ನಮಗೆ ಬೆರಗು ಹೋಗಿದೆ. ಅವನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪವಾಡ ಈ ಜಗತ್ತೇ.

ಅಕ್ವಿನಾಸ್ ಎಳೆದ ಗೆರೆ

ಹದಿಮೂರನೆಯ ಶತಮಾನದಲ್ಲಿ ಅರಿಸ್ಟಾಟಲ್‌ನ ಗ್ರಂಥಗಳು ಯುರೋಪಿನ ವಿಶ್ವವಿದ್ಯಾಲಯಗಳನ್ನು ಆವರಿಸಿದವು. ಬೆಂಕಿ ಸುಡುತ್ತದೆ, ಬೀಜ ಮೊಳೆಯುತ್ತದೆ. ವಸ್ತುಗಳಿಗೆ ತಮ್ಮದೇ ಗುಣ, ತಮ್ಮದೇ ಕಾರಣಶಕ್ತಿ ಇದೆ. ಇದನ್ನು ಒಪ್ಪಿದರೆ ದೇವರಿಗೆ ಮಾಡಲು ಏನು ಉಳಿಯಿತು? ಥಾಮಸ್ ಅಕ್ವಿನಾಸ್ (1225–1274) ಕೊಟ್ಟ ಉತ್ತರ ಇಂದಿಗೂ ಕಥೋಲಿಕ ಚಿಂತನೆಯ ಬೆನ್ನೆಲುಬು. ದೇವರು ಮೊದಲ ಕಾರಣ, ಬೆಂಕಿ ಎರಡನೆಯ ಕಾರಣ. ಸುಡುವ ಕೆಲಸ ಇಬ್ಬರದೂ ಪೂರ್ತಿಯಾಗಿ ಹೌದು, ಪಾಲು ಹಂಚಿಕೊಂಡದ್ದಲ್ಲ.

ಹೀಗೆ ಪ್ರಕೃತಿಗೆ ತನ್ನದೇ ವ್ಯವಸ್ಥೆ ಇದೆ ಎಂದಾದ ಮೇಲೆ ಪವಾಡಕ್ಕೆ ಮೊದಲ ಬಾರಿ ಖಚಿತ ವ್ಯಾಖ್ಯೆ ದೊರೆಯಿತು. ಸೃಷ್ಟಿಯಾದ ಸಮಸ್ತ ಪ್ರಕೃತಿಯ ವ್ಯವಸ್ಥೆಯ ಆಚೆಯಿಂದ ದೇವರು ಮಾಡುವ ಕೆಲಸವೇ ಪವಾಡ. ಅದರಲ್ಲಿ ಮೂರು ದರ್ಜೆ: ಪ್ರಕೃತಿ ಎಂದೂ ಮಾಡಲಾರದ್ದು; ಪ್ರಕೃತಿ ಮಾಡಬಲ್ಲದ್ದು, ಆದರೆ ಆ ಕ್ರಮದಲ್ಲಲ್ಲ, ಕುರುಡಾದವನಿಗೆ ಮತ್ತೆ ಕಣ್ಣು ಬಂದಂತೆ; ಪ್ರಕೃತಿಯೇ ಮಾಡುವಂಥದ್ದು, ಆದರೆ ಅದರ ನೆರವಿಲ್ಲದೆ ಆದದ್ದು, ಜ್ವರ ಥಟ್ಟನೆ ಇಳಿದಂತೆ. ಈ ಲೆಕ್ಕದಲ್ಲಿ ಸೃಷ್ಟಿ ಪವಾಡವೇ ಅಲ್ಲ. ಪ್ರಕೃತಿ ಇಲ್ಲದ ಕಡೆ ಅದರ ಆಚೆ ಎಂಬುದೂ ಇಲ್ಲ. ಜಗತ್ತು ದೇವರನ್ನು ಅವಲಂಬಿಸಿದೆ ಎಂಬುದನ್ನು ಬುದ್ಧಿಯಿಂದ ಅರಿಯಬಹುದು, ಅದಕ್ಕೆ ಕಾಲದಲ್ಲಿ ಆರಂಭವಿತ್ತು ಎಂಬುದನ್ನು ದೈವಪ್ರಕಟನೆಯಿಂದ ಮಾತ್ರ ಎಂದೂ ಅಕ್ವಿನಾಸ್ ಹೇಳಿದ. ಬುದ್ಧಿಯ ಗಡಿ ಮತ್ತು ಪ್ರಕಟನೆಯ ಗಡಿ ಬೇರೆಯಾದದ್ದು ಇಲ್ಲಿ. ಅಗಸ್ಟೀನನ ಬೆರಗು ಹಿಂದೆ ಸರಿದು ಕಾನೂನಿನ ಭಾಷೆ ಮುಂದೆ ಬಂತು.

ಗ್ರಂಥವೇ ಸಾಕೆಂದವರು, ಪುರಾವೆ ಕೇಳಿದವರು

ಹದಿನಾರನೆಯ ಶತಮಾನದ ಸುಧಾರಣಾ ಚಳವಳಿಗೆ ಕಥೋಲಿಕರು ಹಾಕಿದ ಸವಾಲು ನೇರವಾಗಿತ್ತು: ನಿಮ್ಮ ಬೋಧನೆ ನಿಜವಾದರೆ ನಿಮ್ಮ ಪವಾಡಗಳೆಲ್ಲಿ? ಚಳವಳಿಯ ನಾಯಕರಲ್ಲೊಬ್ಬನಾದ ಕ್ಯಾಲ್ವಿನ್ ತನ್ನ ಮುಖ್ಯ ಗ್ರಂಥದ (1536) ಮುನ್ನುಡಿಯಲ್ಲೇ ಉತ್ತರಿಸಿದ: ನಾವು ಹೊಸ ಸುವಾರ್ತೆ ಸಾರುತ್ತಿಲ್ಲ, ಹಳೆಯದಕ್ಕೆ ಕ್ರಿಸ್ತ ಮತ್ತು ಅಪೊಸ್ತಲರ ಪವಾಡಗಳೇ ಮುದ್ರೆ ಒತ್ತಿವೆ. ಪ್ರೊಟೆಸ್ಟಂಟರಲ್ಲಿ ಪವಾಡಗಳು ಸತ್ಯವೇದದ ಪುಟಗಳೊಳಗೆ ಭದ್ರವಾದವು. ಕಥೋಲಿಕ ಧರ್ಮಸಭೆ ಪವಾಡಗಳನ್ನು ಬಿಡಲಿಲ್ಲ. ಬದಲಿಗೆ ಜರಡಿ ಹಿಡಿಯತೊಡಗಿತು. ಸಂತ ಪದವಿಯ ವಿಚಾರಣೆಗಳಲ್ಲಿ ಆಕ್ಷೇಪ ಎತ್ತುವ ಅಧಿಕಾರಿಯಾಗಿ ವರ್ಷಗಟ್ಟಲೆ ದುಡಿದ ಪ್ರೊಸ್ಪೆರೊ ಲಾಂಬರ್ತಿನಿ 1734ರಿಂದ 1738ರವರೆಗೆ ಪ್ರಕಟಿಸಿದ ಗ್ರಂಥದಲ್ಲಿ ನಿಯಮಗಳನ್ನು ಪಟ್ಟಿಮಾಡಿದ. ರೋಗ ಗಂಭೀರವಾಗಿರಬೇಕು, ತಾನಾಗಿ ಇಳಿಯುವ ಹಂತದಲ್ಲಿರಬಾರದು, ಔಷಧದಿಂದ ಗುಣವಾಗಿರಬಾರದು, ಗುಣ ತಟಕ್ಕನೆ, ಪೂರ್ತಿಯಾಗಿ ಆಗಿರಬೇಕು, ಮರುಕಳಿಸಬಾರದು. 1740ರಲ್ಲಿ ಅವನೇ ಹದಿನಾಲ್ಕನೆಯ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಪೋಪ್ ಆದ.

ಇಷ್ಟರಲ್ಲಿ ಪವಾಡ ಪಕ್ಷಗಳ ಆಯುಧವೂ ಆಗಿತ್ತು. 1656ರ ಮಾರ್ಚ್‌ನಲ್ಲಿ ಗಣಿತಜ್ಞ ಪ್ಯಾಸ್ಕಲ್‌ನ ಸೋದರಿಯ ಮಗಳ ಕಣ್ಣಿನ ಕೀವುಹುಣ್ಣು, ಯೇಸುವಿನ ಮುಳ್ಳುಕಿರೀಟದ್ದೆಂದು ನಂಬಲಾದ ಮುಳ್ಳನ್ನು ಮುಟ್ಟಿಸಿದಾಗ ವಾಸಿಯಾಯಿತು. ಅಧಿಕಾರಸ್ಥರ ಕೆಂಗಣ್ಣಿಗೆ ಗುರಿಯಾಗಿದ್ದ ಪೋರ್-ರೊಯಾಲ್ ಮಠದಲ್ಲಿ ಅದು ನಡೆದದ್ದರಿಂದ, ದೇವರು ಯಾರ ಪರ ಎಂಬ ವಾದಕ್ಕೆ ತಿರುಗಿತು. ಪ್ಯಾಸ್ಕಲ್ ಪವಾಡಗಳ ಬಗ್ಗೆ ಟಿಪ್ಪಣಿ ಮಾಡತೊಡಗಿದ್ದು ಆಗಲೇ. ಆ ಮಠದ ವಿಚಾರಧಾರೆಯ ಬಣಕ್ಕೆ ಸೇರಿದ ಒಬ್ಬ ಭಕ್ತನ ಸಮಾಧಿಯ ಬಳಿ ಪ್ಯಾರಿಸ್ಸಿನ ಸೇಂಟ್ ಮೆದಾರ್ ಸ್ಮಶಾನದಲ್ಲಿ ರೋಗಿಗಳ ಜಾತ್ರೆಯೇ ನೆರೆದಾಗ, 1732ರಲ್ಲಿ ದೊರೆ ಅದಕ್ಕೆ ಬೀಗ ಹಾಕಿಸಿದ. ಇಲ್ಲಿ ಪವಾಡ ಮಾಡದಂತೆ ದೇವರಿಗೆ ರಾಜಾಜ್ಞೆಯಾಗಿದೆ ಎಂಬ ಚಟಾಕಿ ಊರಿನಲ್ಲಿ ಹರಿದಾಡಿತು.

ಗಡಿಯಾರದ ಜಗತ್ತು

ಹದಿನೇಳನೆಯ ಶತಮಾನದಲ್ಲಿ ಸೃಷ್ಟಿಯ ಚಿತ್ರವೇ ಬೇರೆಯಾಯಿತು. ಜಗತ್ತು ಗಣಿತದ ನಿಯಮಗಳಿಂದ ನಡೆಯುವ ವ್ಯವಸ್ಥೆ. ದೇವರು ಮತ್ತು ಪ್ರಕೃತಿ ಎರಡಲ್ಲ, ಪ್ರಕೃತಿಯ ನಿಯಮವೇ ದೇವರ ಇಚ್ಛೆ, ಅದನ್ನು ಮೀರುವ ಘಟನೆ ಎಂಬ ಮಾತೇ ಅಸಂಗತ ಎಂದು ಸ್ಪಿನೋಝಾ 1670ರಲ್ಲಿ ಬರೆದ. 1715–16ರಲ್ಲಿ ಲೈಬ್ನಿಜ್ ಮತ್ತು ನ್ಯೂಟನ್‌ನ ಪರ ನಿಂತ ಸ್ಯಾಮ್ಯುಯೆಲ್ ಕ್ಲಾರ್ಕ್ ನಡುವೆ ಪತ್ರಯುದ್ಧ ನಡೆಯಿತು. ನ್ಯೂಟನ್‌ನ ದೇವರು ಆಗಾಗ ಗಡಿಯಾರಕ್ಕೆ ಕೀಲಿ ಕೊಡಬೇಕಾದ ಕಳಪೆ ಕುಶಲಕರ್ಮಿ ಎಂದು ಲೈಬ್ನಿಜ್ ಹಂಗಿಸಿದ. ದೇವರ ಪಾಲಿಗೆ ನಿತ್ಯದ ಘಟನೆಯೂ ಪವಾಡವೂ ಒಂದೇ, ವ್ಯತ್ಯಾಸ ನಮ್ಮ ರೂಢಿಯಲ್ಲಿದೆ ಎಂದು ಕ್ಲಾರ್ಕ್ ತಿರುಗೇಟು ಕೊಟ್ಟ. ಕ್ಲಾರ್ಕ್‌ನ ಮಾತಿನಲ್ಲಿ ಅಗಸ್ಟೀನನ ದನಿ ಇದೆ. ಆದರೆ ಗೆದ್ದ ಚಿತ್ರ ಗಡಿಯಾರದ್ದು. ನಿಯಮಗಳಿಂದ ತಾನೇ ನಡೆಯುವ ಜಗತ್ತಿನಲ್ಲಿ ಪವಾಡ ಎಂದರೆ ನಿಯಮಭಂಗ.

ಈ ವ್ಯಾಖ್ಯೆಯನ್ನೇ ಹಿಡಿದು ಡೇವಿಡ್ ಹ್ಯೂಮ್ 1748ರಲ್ಲಿ ಏಟು ಹಾಕಿದ. ಈ ವಾದ ಹೊಳೆದದ್ದು ಫ್ರಾನ್ಸಿನ ಲಾ ಫ್ಲೆಶ್ ಊರಿನ ಜೆಸ್ವಿಟ್ ಕಾಲೇಜಿನ ಅಂಗಳದಲ್ಲಿ ಎಂದು ಮುಂದೆ ಒಂದು ಪತ್ರದಲ್ಲಿ ನೆನೆದಿದ್ದಾನೆ. ಒಬ್ಬ ಪಾದ್ರಿ ತಮ್ಮ ಮಠದ ಪವಾಡವೊಂದನ್ನು ಬಣ್ಣಿಸುತ್ತಿದ್ದ. ಹ್ಯೂಮ್ ಅದನ್ನು ಬಿಡಿಸಿಟ್ಟ. ನಿಮ್ಮ ವಾದ ಒಪ್ಪಿದರೆ ಸುವಾರ್ತೆಯ ಪವಾಡಗಳೂ ಉಳಿಯುವುದಿಲ್ಲವಲ್ಲ ಎಂದ ಪಾದ್ರಿ. ಅದು ಸಾಕಷ್ಟು ಒಳ್ಳೆಯ ಉತ್ತರ ಎಂದು ಹ್ಯೂಮ್ ಸುಮ್ಮನಾದನಂತೆ. ಪವಾಡ ಅಸಾಧ್ಯ ಎನ್ನುವುದಕ್ಕಿಂತ ಅದನ್ನು ನಂಬಲು ಎಷ್ಟು ಸಾಕ್ಷ್ಯ ಬೇಕು ಎಂಬುದೇ ಅವನ ವಾದದ ತಿರುಳು. ನಿಯಮದ ಹಿಂದೆ ಎಲ್ಲರ ಅನುಭವ ಇದೆ, ಪವಾಡದ ಹಿಂದೆ ಕೆಲವರ ಮಾತು ಇದೆ. ಆ ಮಾತು ಸುಳ್ಳಾಗುವುದು ಪವಾಡಕ್ಕಿಂತ ದೊಡ್ಡ ಪವಾಡವಾದರೆ ಮಾತ್ರ ನಂಬಬೇಕು. ಪ್ಯಾಸ್ಕಲ್‌ನ ಸೋದರಿಯ ಮಗಳನ್ನೂ ಸೇಂಟ್ ಮೆದಾರ್ ಸ್ಮಶಾನವನ್ನೂ ಅವನು ಉದಾಹರಣೆಗೆ ಎಳೆದು ತಂದ: ಸಾಕ್ಷ್ಯ ಇಷ್ಟು ಗಟ್ಟಿ ಇದ್ದೂ ನೀವು ಪ್ರೊಟೆಸ್ಟಂಟರು ಇದನ್ನು ನಂಬುವುದಿಲ್ಲವಲ್ಲ!

ಉತ್ತರಗಳಲ್ಲಿ ತೂಕದ್ದು ರಿಚರ್ಡ್ ಪ್ರೈಸ್ 1767ರಲ್ಲಿ ಬರೆದದ್ದು. ತೀರಿಕೊಂಡ ಗೆಳೆಯ ಥಾಮಸ್ ಬೇಯ್ಸ್‌ನ ಸಂಭವನೀಯತೆಯ ಪ್ರಬಂಧವನ್ನು ಬೆಳಕಿಗೆ ತಂದವನೂ ಇವನೇ. ಲಾಟರಿಯಲ್ಲಿ ಇಂಥದೇ ಸಂಖ್ಯೆ ಗೆಲ್ಲುವ ಸಂಭವ ತೀರಾ ಕಡಿಮೆ. ಆದರೂ ಪತ್ರಿಕೆಯಲ್ಲಿ ಬಂದರೆ ನಂಬುತ್ತೇವೆ. ಅಪರೂಪವೆಂಬ ಕಾರಣಕ್ಕೇ ಸಾಕ್ಷ್ಯ ಬಿದ್ದುಹೋಗುವುದಿಲ್ಲ. ವಾದ ಚುರುಕಾದದ್ದೇ. ಆದರೆ ಪ್ರಕಟನೆಯನ್ನು ಸಾಬೀತು ಮಾಡಬೇಕಾಗಿದ್ದ ಪವಾಡ ತನ್ನನ್ನು ಸಾಬೀತು ಮಾಡಿಕೊಳ್ಳುವುದರಲ್ಲೇ ದಣಿಯಿತು.

ಟ್ಯೂಬಿಂಗೆನ್ ಮತ್ತು ಮಂಗಳೂರು

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ದೇವಶಾಸ್ತ್ರಜ್ಞರು ಈ ಹೊರೆಯನ್ನು ಇಳಿಸಲು ಹಲವು ದಾರಿ ಹುಡುಕಿದರು. ಪವಾಡವೆಂಬುದು ಘಟನೆಗೆ ಧರ್ಮ ಕೊಡುವ ಹೆಸರು, ಭಕ್ತನಿಗೆ ಪ್ರತಿ ಘಟನೆಯೂ ಪವಾಡವಾಗಬಲ್ಲದು ಎಂದ ಶ್ಲೈಯರ್‌ಮಾಕರ್. ಪೌಲುಸ್ ಎಂಬ ಪಂಡಿತ ಪ್ರತಿ ಪವಾಡಕ್ಕೂ ಲೌಕಿಕ ವಿವರಣೆ ಹೊಂದಿಸಿದ: ಯೇಸು ನಡೆದದ್ದು ನೀರಿನ ಮೇಲಲ್ಲ, ದಡದಲ್ಲಿ, ಐದು ಸಾವಿರ ಜನ ಉಂಡದ್ದು ತಾವು ಕಟ್ಟಿಕೊಂಡು ಬಂದ ಬುತ್ತಿಯನ್ನು ಹಂಚಿಕೊಂಡು. 1835ರಲ್ಲಿ ‘ಯೇಸುವಿನ ಜೀವನ’ ಪ್ರಕಟಿಸಿದ ಡೇವಿಡ್ ಸ್ಟ್ರೌಸ್, ಪವಾಡಗಳನ್ನು ಇದ್ದಂತೆಯೇ ನಂಬುವವರನ್ನೂ ಹೀಗೆ ಲೌಕಿಕ ವಿವರಣೆ ಕೊಡುವವರನ್ನೂ ಗೇಲಿ ಮಾಡಿದ. ಈ ಕಥನಗಳು ವರದಿಗಳೂ ಅಲ್ಲ, ತಪ್ಪುಗ್ರಹಿಕೆಗಳೂ ಅಲ್ಲ; ಮೆಸ್ಸೀಯನ ನಿರೀಕ್ಷೆಯಿಂದ ಸಮುದಾಯ ಹೆಣೆದ ಪುರಾಣ ಎಂದ. ಇದರಿಂದ ಟ್ಯೂಬಿಂಗೆನ್‌ನಲ್ಲಿ ಅವನಿಗಿದ್ದ ಪಾಠ ಹೇಳುವ ಕೆಲಸ ಹೋಯಿತು. 1839ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದಿಂದ ಕರೆ ಬಂದಾಗ ಜನ ತೀವ್ರವಾಗಿ ಪ್ರತಿಭಟಿಸಿದರು, ಅವನು ಪಾಠ ಆರಂಭಿಸುವ ಮೊದಲೇ ಪಿಂಚಣಿ ಕೊಟ್ಟು ಕೈತೊಳೆದುಕೊಳ್ಳಲಾಯಿತು.

ಈ ಕಥೆಗೆ ಕನ್ನಡದ ನಂಟಿದೆ. ಸ್ಟ್ರೌಸ್ ಪಾಠ ಹೇಳುತ್ತಿದ್ದ ಕಾಲದಲ್ಲೇ ಟ್ಯೂಬಿಂಗೆನ್‌ನಲ್ಲಿ ದೇವಶಾಸ್ತ್ರ ಓದಿದ ಹರ್ಮನ್ ಮೊಗ್ಲಿಂಗ್, ಅವನ ನಿಲುವಿಗೆ ತೀರ ವಿರುದ್ಧವಾದ ಭಕ್ತಿಪಂಥದ ದಾರಿ ಹಿಡಿದು ಬಾಸೆಲ್ ಮಿಷನ್ ಸೇರಿದರು. 1836ರಲ್ಲಿ ಮಂಗಳೂರಿಗೆ ಬಂದು 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. ಕರಾವಳಿಗೆ ಬಂದ ಸತ್ಯವೇದ ಸ್ಟ್ರೌಸನ ಸಂಶಯವನ್ನು ಬದಿಗಿಟ್ಟವರ ಕೈಯಲ್ಲಿತ್ತು.

ರೋಮ್ 1870ರಲ್ಲಿ ಪಟ್ಟು ಬಿಗಿಮಾಡಿತು. ಮೊದಲನೆಯ ವ್ಯಾಟಿಕನ್ ಮಹಾಸಭೆ, ಪವಾಡಗಳು ದೈವಪ್ರಕಟನೆಯ ಖಚಿತ ಗುರುತುಗಳು, ಅವು ಅಸಾಧ್ಯ ಎನ್ನುವವರು ಬಹಿಷ್ಕೃತರು ಎಂದು ಸಾರಿತು. ಹೆಚ್ಚು ಆಳದ ಉತ್ತರ ಬಂದದ್ದು ಡಾರ್ವಿನ್‌ನನ್ನು ಓದಿದವರಿಂದ. ದೇವರು ಆಗಾಗ ಕೈಹಾಕುತ್ತಾನೆ ಎಂದರೆ ಉಳಿದ ಹೊತ್ತಿನಲ್ಲಿ ಇರುವುದಿಲ್ಲ ಎಂದೇ ಅರ್ಥ. ವೇಷ ಶತ್ರುವಿನದಾದರೂ ಡಾರ್ವಿನ್‌ವಾದ ಮಾಡಿದ್ದು ಮಿತ್ರನ ಕೆಲಸ ಎಂದು ಆಂಗ್ಲಿಕನ್ ಚಿಂತಕ ಆಬ್ರಿ ಮೂರ್ 1889ರಲ್ಲಿ ವಾದಿಸಿದ. ಗಡಿಯಾರ ಮಾಡಿದವನ ದೇವಶಾಸ್ತ್ರ ಒಳಗಿನಿಂದಲೇ ಬಿರುಕು ಬಿಟ್ಟದ್ದು ಇಲ್ಲಿ.

ಪ್ರಕಟನೆಯೇ ಮೊದಲು

ಇಪ್ಪತ್ತನೆಯ ಶತಮಾನ ಕ್ರಮವನ್ನೇ ತಿರುಗಿಸಿತು. ದೇವರನ್ನು ಪ್ರಕೃತಿಯಿಂದಲೋ ಚರಿತ್ರೆಯಿಂದಲೋ ಸಾಬೀತು ಮಾಡಲು ಹೊರಡುವುದೇ ತಪ್ಪು, ಪ್ರಕಟನೆ ತಾನೇ ತನಗೆ ಆಧಾರ ಎಂದರು ದೇವಶಾಸ್ತ್ರಜ್ಞ ಕಾರ್ಲ್ ಬಾರ್ಟ್. ಪ್ರಕೃತಿಯಲ್ಲೂ ದೇವರ ಅರಿವಿಗೆ ಒಂದು ದಾರಿಯಿದೆ ಎಂದ ಎಮಿಲ್ ಬ್ರೂನರ್ ಅವರಿಗೆ 1934ರಲ್ಲಿ ಬರೆದ ಉತ್ತರಕ್ಕೆ ಅವರಿಟ್ಟ ಹೆಸರೇ ‘ಇಲ್ಲ!’. ನಾಜಿಗಳು ಜನಾಂಗ, ರಕ್ತ, ನೆಲವನ್ನು ದೈವದ ದನಿ ಎನ್ನುತ್ತಿದ್ದ ಹೊತ್ತದು. ಆ ‘ಇಲ್ಲ’ಕ್ಕೆ ರಾಜಕೀಯ ತೂಕವೂ ಇತ್ತು. ವಿದ್ಯುದ್ದೀಪ, ರೇಡಿಯೊ ಬಳಸುವವರು ಹೊಸ ಒಡಂಬಡಿಕೆಯ ದೆವ್ವ-ಪವಾಡಗಳ ಲೋಕದಲ್ಲಿ ಬದುಕಲಾರರು, ಸಂದೇಶವನ್ನು ಆ ಪುರಾಣದ ಸಿಪ್ಪೆಯಿಂದ ಬಿಡಿಸಬೇಕು ಎಂದು ರುಡಾಲ್ಫ್ ಬುಲ್ಟ್‌ಮನ್ 1941ರಲ್ಲಿ ಕರೆಕೊಟ್ಟರು. ಇಬ್ಬರಿಗೂ ಎದುರಾಗಿ, ಪ್ರಕಟನೆ ನಡೆದದ್ದು ಚರಿತ್ರೆಯಲ್ಲಿ, ಪುನರುತ್ಥಾನವೂ ಇತಿಹಾಸಕಾರರ ಪರಿಶೀಲನೆಗೆ ಒಳಪಡಬೇಕು ಎಂದರು ಪಾನೆನ್‌ಬರ್ಗ್. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ದಸ್ತಾವೇಜು, ದೇವರು ತಿಳಿಸುವುದು ಸಿದ್ಧಾಂತಗಳ ಪಟ್ಟಿಯನ್ನಲ್ಲ, ತನ್ನನ್ನೇ ಎಂಬ ಮಾತಿಗೆ ಒತ್ತು ಕೊಟ್ಟಿತು.

ವಿಶ್ವವಿದ್ಯಾಲಯಗಳ ಹೊರಗೆ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿತ್ತು. ಈಗಿನ ಕರ್ನಾಟಕದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಅವರ ಮುಕ್ತಿ ಮಿಷನ್‌ನಲ್ಲಿ, ಪುಣೆ ಬಳಿಯ ಕೇಡಗಾಂವ್‌ನಲ್ಲಿ, 1905ರಲ್ಲಿ ಪ್ರಾರ್ಥನಾ ಜಾಗೃತಿ ಉಕ್ಕಿತು. ಮರುವರ್ಷ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ. ಅಲ್ಲಿಂದ ಹಬ್ಬಿದ ಪೆಂಟೆಕೋಸ್ಟಲ್ ಸಭೆಗಳಿಗೆ ರೋಗ ವಾಸಿಯಾಗುವುದು ವಾದದ ವಿಷಯವಲ್ಲ, ವಾರದ ಆರಾಧನೆಯ ಭಾಗ.

ಈಗಿನ ಪ್ರಶ್ನೆ

ಫ್ರಾನ್ಸಿನ ಯಾತ್ರಾಸ್ಥಳ ಲೂರ್ದ್‌ನಲ್ಲಿ 1883ರಿಂದ ವೈದ್ಯಕೀಯ ಕಚೇರಿಯೊಂದು ಗುಣವಾದವರ ಕಡತಗಳನ್ನು ಇಡುತ್ತ ಬಂದಿದೆ. ಏಳು ಸಾವಿರಕ್ಕೂ ಹೆಚ್ಚು ಹೇಳಿಕೆಗಳಲ್ಲಿ ಎಪ್ಪತ್ತನೆಯದನ್ನು ಪವಾಡವೆಂದು ಘೋಷಿಸಿದ್ದು 2018ರಲ್ಲಿ. ವೈದ್ಯರ ಸಮಿತಿ ಪವಾಡ ಎನ್ನುವುದಿಲ್ಲ. ಸದ್ಯದ ವೈದ್ಯಜ್ಞಾನಕ್ಕೆ ವಿವರಣೆ ಸಿಗದ್ದು ಎಂದಷ್ಟೇ ಹೇಳುತ್ತದೆ, ಪವಾಡವೆಂದು ಹೇಳುವವರು ಬಿಷಪ್. ಇದು ಹ್ಯೂಮ್‌ನ ನಿಯಮಭಂಗಕ್ಕಿಂತ ಅಗಸ್ಟೀನನ ವ್ಯಾಖ್ಯೆಗೆ ಹತ್ತಿರ. ಮೇ 2024ರಲ್ಲಿ ವ್ಯಾಟಿಕನ್ ಇನ್ನೂ ಒಂದು ಹೆಜ್ಜೆ ಇಟ್ಟಿತು: ದರ್ಶನ ಇತ್ಯಾದಿಗಳನ್ನು ದೈವಿಕವೆಂದು ಘೋಷಿಸುವುದು ಇನ್ನು ಮೇಲೆ ವಾಡಿಕೆಯಲ್ಲ, ಭಕ್ತಿಗೆ ಅಡ್ಡಿಯಿಲ್ಲ ಎಂದು ಹೇಳುವುದೇ ಸಾಮಾನ್ಯವಾಗಿ ಸಿಗುವ ಅತಿ ದೊಡ್ಡ ಒಪ್ಪಿಗೆ.

ಇತ್ತ ಭೌತಶಾಸ್ತ್ರ ಬಿಟ್ಟು ಪಾದ್ರಿಯಾದ ಜಾನ್ ಪೋಲ್ಕಿಂಗ್‌ಹಾರ್ನ್, ಕ್ಯಾಲಿಫೋರ್ನಿಯದ ರಾಬರ್ಟ್ ರಸೆಲ್ ಮೊದಲಾದವರು, ನಿಯಮ ಮುರಿಯದೆ ದೇವರು ಜಗತ್ತಿನಲ್ಲಿ ಕೆಲಸ ಮಾಡಲು ಕ್ವಾಂಟಮ್ ಮಟ್ಟದ ಅನಿಶ್ಚಿತತೆಯೋ ಕೆಯಾಸ್ ಸಿದ್ಧಾಂತವೋ ಎಡೆ ಕೊಡುತ್ತದೆಯೆ ಎಂದು ದಶಕಗಳ ಕಾಲ ಹುಡುಕಿದ್ದಾರೆ. ಅಕ್ವಿನಾಸ್‌ನ ಹಿಂಬಾಲಕರಿಗೆ ಇದು ಹಿಡಿಸುವುದಿಲ್ಲ. ಎಡೆ ಹುಡುಕುವುದೆಂದರೆ ದೇವರನ್ನು ಇತರ ಕಾರಣಗಳ ಸಾಲಿನಲ್ಲಿ ಇನ್ನೊಂದು ಕಾರಣವಾಗಿ ನಿಲ್ಲಿಸಿದಂತೆ ಎಂಬುದು ಅವರ ತಕರಾರು.

ಆಕ್ಸ್‌ಫರ್ಡಿನ ಮೌರಿಸ್ ವೈಲ್ಸ್ 1986ರ ಪುಸ್ತಕದಲ್ಲಿ ಎತ್ತಿದ ಪ್ರಶ್ನೆಗೆ ಈ ಯಾವುದೂ ಉತ್ತರವಲ್ಲ. ದೇವರು ಒಮ್ಮೊಮ್ಮೆ ಕೈಹಾಕಬಲ್ಲನಾದರೆ ನಾಜಿಗಳ ಆಶ್ವಿಟ್ಸ್ ಶಿಬಿರದಲ್ಲಿ ಏಕೆ ಹಾಕಲಿಲ್ಲ? ವೈಲ್ಸ್ ಇಡೀ ಸೃಷ್ಟಿಯನ್ನೇ ದೇವರ ಒಂದೇ ಕೃತ್ಯವೆಂದು ಕಂಡು, ಬಿಡಿ ಪವಾಡಗಳನ್ನು ಕೈಬಿಟ್ಟರು. ಅವರ ತೀರ್ಮಾನ ಒಪ್ಪದವರೂ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರರು. ಹ್ಯೂಮ್‌ಗೆ ಉತ್ತರಿಸಲು ಸಂಭವನೀಯತೆಯ ಗಣಿತ ಸಾಕಾಗಬಹುದು, ವೈಲ್ಸ್‌ಗೆ ಸಾಲದು. ಒಬ್ಬರ ಗಂಟು ಕರಗಿ ಪಕ್ಕದ ಹಾಸಿಗೆಯವರ ಗಂಟು ಕರಗದಿರುವ ಜಗತ್ತನ್ನು ಒಳ್ಳೆಯ ದೇವರು ಏಕೆ ಸೃಷ್ಟಿಸಿದ ಎಂದು ಹೇಳಬೇಕಾದದ್ದು ಪವಾಡದ ವಕೀಲರಲ್ಲ, ಸೃಷ್ಟಿಯ ಸಿದ್ಧಾಂತ ಕಟ್ಟುವವರು. ಮುಂದಿನ ಕೆಲಸ ಅವರ ಮೇಜಿನ ಮೇಲಿದೆ.