ಬಿಸಿಲಿಗೆ ಸಾಯುವ ಪಿಶಾಚಿ

ಭಯಾನಕ ಚಲನಚಿತ್ರಗಳಿಗೆ ಅವುಗಳದೇ ಆದ ಕಟ್ಟುಕಟ್ಟಳೆಗಳಿವೆ. ಕಿರುಗುಟ್ಟುವ ಬಾಗಿಲು, ಇದ್ದಕ್ಕಿದ್ದಂತೆ ಆರಿಹೋಗುವ ದೀಪ, ಆ ಮನೆಯತ್ತ ಹೋಗಬೇಡಿರೆಂದು ಎಚ್ಚರಿಸುವ ಮುದುಕ, ಇವೆಲ್ಲ ನಿಮಗೆ ಪರಿಚಿತ. ಅಂಥವುಗಳಲ್ಲಿ ಒಂದನ್ನು ಕುರಿತು ಮಾತ್ರ ಇಲ್ಲಿ ಬರೆಯುತ್ತೇನೆ. ರಕ್ತ ಹೀರುವ ಪಿಶಾಚಿಯ ಮೇಲೆ ಬಿಸಿಲು ಬಿದ್ದೊಡನೆ ಅದು ನಾಶವಾಗುತ್ತದೆ ಎಂಬ ನಿಯಮವದು. ಇದು ಯೂರೋಪಿನ ಪುರಾತನ ಜನಪದ ನಂಬಿಕೆಯೆಂದೇ ಅನೇಕರು ಭಾವಿಸಿದ್ದಾರೆ. ಆಧಾರವೇನೆಂದು ಕೇಳುವುದು ಇತಿಹಾಸದ ಮೇಷ್ಟರಿಗೆ ಅಂಟಿದ ರೋಗವಷ್ಟೆ! ಹುಡುಕುತ್ತ ಹೋದರೆ ಈ ನಿಯಮದ ವಯಸ್ಸು ನೂರು ವರ್ಷಗಳಿಗಿಂತ ತುಸು ಹೆಚ್ಚು, ಅಷ್ಟೆ.

1897ರಲ್ಲಿ ಪ್ರಕಟವಾದ ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' ಕಾದಂಬರಿಯಲ್ಲಿ ಡ್ರಾಕುಲಾ ಲಂಡನ್ನಿನ ಪಿಕಾಡಿಲಿಯಲ್ಲಿ ಹಾಡುಹಗಲೇ ಕಾಣಿಸಿಕೊಳ್ಳುತ್ತಾನೆ. ಹಗಲಿನಲ್ಲಿ ಅವನ ಶಕ್ತಿ ಕುಗ್ಗುತ್ತದೆ, ಪ್ರಾಣ ಹೋಗುವುದಿಲ್ಲ. ಕೊನೆಗೆ ಅವನು ಸಾಯುವುದು ಸೂರ್ಯಾಸ್ತದ ಹೊತ್ತಿಗೆ, ಇಬ್ಬರ ಆಯುಧಗಳ ಏಟಿಗೆ. ಆ ಆಯುಧಗಳಲ್ಲೊಂದು ಗೂರ್ಖಾಗಳ ಕುಕ್ರಿ!

ಬಿಸಿಲಿನ ಸಾವು ಬಂದದ್ದು 1922ರ ಮಾರ್ಚ್‌ನಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶನ ಕಂಡ 'ನೊಸ್ಫೆರಾಟು' ಎಂಬ ಜರ್ಮನ್ ಮೂಕಿ ಚಿತ್ರದಿಂದ. ನಿರ್ದೇಶಕ ಎಫ್. ಡಬ್ಲ್ಯೂ. ಮುರ್ನಾವ್. ನಿರ್ಮಿಸಿದ ಸಂಸ್ಥೆಯ ಹೆಸರು 'ಪ್ರಾಣ', ನಮ್ಮ ಸಂಸ್ಕೃತ ಶಬ್ದವೇ. ಸ್ಟೋಕರ್‌ನ ಕಥೆಯನ್ನು ಹಕ್ಕು ಪಡೆಯದೆಯೇ ಎತ್ತಿಕೊಂಡು, ಡ್ರಾಕುಲಾನನ್ನು ಓರ್ಲಾಕ್ ಎಂದು ಮರುನಾಮಕರಣ ಮಾಡಿ, ಅಂತ್ಯವನ್ನೂ ಬದಲಿಸಿದರು. ನಾಯಕಿ ತನ್ನನ್ನೇ ಬಲಿಗೊಟ್ಟು, ಕೋಳಿ ಕೂಗುವವರೆಗೂ ಅವನನ್ನು ತಡೆದಿರಿಸುತ್ತಾಳೆ. ಕಿಟಕಿಯಿಂದ ಬಂದ ಎಳೆಬಿಸಿಲಿನಲ್ಲಿ ಅವನು ಕರಗಿ ಹೊಗೆಯಾಗುತ್ತಾನೆ. ನಮ್ಮ ಹಳ್ಳಿಗಳ ಕಥೆಗಳಲ್ಲಿಯೂ ಕೋಳಿ ಕೂಗಿದೊಡನೆ ದೆವ್ವ ಓಡುತ್ತದೆ. ಆದರೆ ಓಡುವುದು ಬೇರೆ, ಸಾಯುವುದು ಬೇರೆ. ಬೆಳಕಿನಿಂದಲೇ ಬದುಕುವ ಕಲೆಯೊಂದಕ್ಕೆ ಇದಕ್ಕಿಂತ ಸಹಜವಾದ ಸಾವು ಹೊಳೆಯಲಾರದೆಂದು ನನ್ನ ಅನಿಸಿಕೆ.

ಸ್ಟೋಕರ್‌ನ ವಿಧವೆ ಫ್ಲಾರೆನ್ಸ್ ನ್ಯಾಯಾಲಯದ ಮೆಟ್ಟಿಲೇರಿದಳು. 'ಪ್ರಾಣ' ಅಷ್ಟರಲ್ಲಿ ದಿವಾಳಿಯಾಗಿದ್ದುದರಿಂದ ಹಣ ಸಿಗುವಂತಿರಲಿಲ್ಲ. ಚಿತ್ರದ ಪ್ರತಿಗಳನ್ನೆಲ್ಲ ನಾಶಪಡಿಸಬೇಕೆಂದು 1925ರಲ್ಲಿ ತೀರ್ಪಾಯಿತು. ಆ ತೀರ್ಪು ಪೂರ್ತಿಯಾಗಿ ಜಾರಿಯಾಗಿದ್ದರೆ ಈ ಚಿತ್ರವನ್ನು ಇಂದು ಯಾರೂ ನೋಡುವಂತಿರಲಿಲ್ಲ. ಆದರೆ ಬೇರೆ ದೇಶಗಳಿಗೆ ಹೋಗಿದ್ದ ಕೆಲವು ಪ್ರತಿಗಳು ಉಳಿದುಕೊಂಡವು. 1931ರ ಹಾಲಿವುಡ್ 'ಡ್ರಾಕುಲಾ'ದಲ್ಲಿ ಬೇಲಾ ಲುಗೋಸಿಯ ಪಾತ್ರ ಸಾಯುವುದು ಎದೆಗೆ ನೆಟ್ಟ ಗೂಟದಿಂದ, ಬಿಸಿಲಿನಿಂದಲ್ಲ. 1958ರ ಬ್ರಿಟಿಷ್ 'ಡ್ರಾಕುಲಾ'ದಲ್ಲಾದರೋ ಪೀಟರ್ ಕುಶಿಂಗ್ ಪರದೆಯನ್ನು ಎಳೆದು ಕೆಡಹುತ್ತಲೇ ಕ್ರಿಸ್ಟೋಫರ್ ಲೀ ಬಿಸಿಲಿಗೆ ಬೂದಿಯಾಗುತ್ತಾನೆ. ಅಷ್ಟು ಹೊತ್ತಿಗೆ ಹೊಸ ನಿಯಮ ಹಳೆಯ ನಂಬಿಕೆಯ ವೇಷ ಧರಿಸಿಯಾಗಿತ್ತು.

ಒಂದು ವಿನೋದವನ್ನು ಹೇಳದಿರಲಾರೆ. 'ನೊಸ್ಫೆರಾಟು'ವಿನ ಹೊರಾಂಗಣದ ರಾತ್ರಿಯ ದೃಶ್ಯಗಳನ್ನು ಚಿತ್ರೀಕರಿಸಿದ್ದು ಹಗಲಿನಲ್ಲಿ, ಏಕೆಂದರೆ ಅಂದಿನ ಫಿಲ್ಮಿಗೆ ರಾತ್ರಿಯ ಬೆಳಕು ಸಾಲುತ್ತಿರಲಿಲ್ಲ. ಬಳಿಕ ಆ ಭಾಗಗಳಿಗೆ ನೀಲಿ ಬಣ್ಣ ಕೊಟ್ಟರೆ ನೋಡುವವರಿಗೆ ರಾತ್ರಿ. ಆದರೆ ಮುಂದೆ ಹಲವು ದಶಕಗಳ ಕಾಲ ಪ್ರಚಾರದಲ್ಲಿದ್ದ ಅನೇಕ ಪ್ರತಿಗಳಲ್ಲಿ ಆ ನೀಲಿಯೇ ಇರಲಿಲ್ಲ. ಆದುದರಿಂದ ಬಿಸಿಲು ತಾಗಿದರೆ ಸಾಯಬೇಕಾದ ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನು ಕಂಕುಳಲ್ಲಿರಿಸಿಕೊಂಡು ಬೆಳ್ಳಂಬೆಳಗಿನಲ್ಲಿ ಊರ ಬೀದಿಯಲ್ಲಿ ನಿಶ್ಚಿಂತೆಯಿಂದ ನಡೆದುಹೋಗುತ್ತಾನೆ! ಈಗ ಬಣ್ಣಗಳನ್ನು ಮರಳಿ ಸೇರಿಸಿದ ಪ್ರತಿಗಳು ದೊರೆಯುತ್ತವೆ. ನೋಡುವುದಾದರೆ ಅದನ್ನೇ ನೋಡಿರಿ.