ಹೆಣ್ಣು ಸಾಕುಮೊಲಗಳ ಹೊಂದಾಣಿಕೆ

ಹೆಣ್ಣು ಸಾಕುಮೊಲಗಳ ಹೊಂದಾಣಿಕೆ ಎಂದರೆ ಅಪರಿಚಿತವಾದ ಎರಡು ಹೆಣ್ಣು ಮೊಲಗಳನ್ನು ಹಂತಹಂತವಾಗಿ ಪರಿಚಯಿಸಿ, ಒಂದೇ ಗೂಡಿನಲ್ಲಿ ಜಗಳವಿಲ್ಲದೆ ಬಾಳುವಂತೆ ಮಾಡುವ ಕ್ರಮ.

ಹಿನ್ನೆಲೆ

ಸಾಕುಮೊಲವು ಯುರೋಪಿನ ಕಾಡುಮೊಲದ (ಒರಿಕ್ಟೊಲೇಗಸ್ ಕ್ಯುನಿಕ್ಯುಲಸ್) ಸಂತತಿ. ಕಾಡುಮೊಲಗಳು ಬಿಲಗಳಲ್ಲಿ ಗುಂಪಾಗಿ ವಾಸಿಸುತ್ತವೆಯಾದರೂ, ಮರಿ ಹಾಕಲು ತಕ್ಕ ಬಿಲಕ್ಕಾಗಿ ಹೆಣ್ಣುಗಳು ಪರಸ್ಪರ ಸೆಣಸುತ್ತವೆ. ಈ ಪ್ರವೃತ್ತಿ ಸಾಕುಮೊಲಗಳಲ್ಲಿಯೂ ಉಳಿದಿದೆ. ಒಂದು ಹೆಣ್ಣು ಇನ್ನೊಂದರ ಮೇಲೇರಿದರೂ ಹುಸಿಗರ್ಭ ಉಂಟಾಗಬಹುದು. ಸುಮಾರು 16–18 ದಿನಗಳ ಈ ಅವಧಿಯಲ್ಲಿ ಮೊಲವು ತನ್ನ ಕೂದಲನ್ನು ಕಿತ್ತು ಗೂಡು ಕಟ್ಟುತ್ತದೆ. ಜೊತೆಗಾತಿಯ ಮೇಲೆ ಎರಗಲೂಬಹುದು.

ಪೂರ್ವಸಿದ್ಧತೆ

ಎರಡೂ ಮೊಲಗಳಿಗೆ ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಮೊದಲ ಹೆಜ್ಜೆ. ಹಾರ್ಮೋನುಗಳ ಪ್ರಭಾವ ತಗ್ಗಲು ಕೆಲವು ವಾರಗಳು ಬೇಕು. ಹೆಣ್ಣು ಮೊಲಗಳಲ್ಲಿ ಸಾಮಾನ್ಯವಾದ ಗರ್ಭಕೋಶದ ಕ್ಯಾನ್ಸರನ್ನೂ ಈ ಚಿಕಿತ್ಸೆ ತಡೆಯುತ್ತದೆ.

ಪರಿಚಯದ ಹಂತಗಳು

ಮೊದಲು ಮೊಲಗಳನ್ನು ಅಕ್ಕಪಕ್ಕದ ಗೂಡುಗಳಲ್ಲಿಟ್ಟು, ಹಾಸುಹುಲ್ಲನ್ನು ಅದಲುಬದಲು ಮಾಡಿ ಪರಸ್ಪರ ವಾಸನೆಯನ್ನು ರೂಢಿಸಲಾಗುತ್ತದೆ. ಅನಂತರ ಎರಡಕ್ಕೂ ಹೊಸದಾದ ಜಾಗದಲ್ಲಿ ಕೆಲವೇ ನಿಮಿಷಗಳ ಭೇಟಿ ಏರ್ಪಡಿಸಿ, ಅವಧಿಯನ್ನು ದಿನೇದಿನೇ ಹೆಚ್ಚಿಸಲಾಗುತ್ತದೆ. ಮೂಸುವುದು, ಮೇಲೇರುವುದು, ಸ್ವಲ್ಪ ಅಟ್ಟಿಸಿಕೊಂಡು ಹೋಗುವುದು ಸಹಜ. ಕಚ್ಚಾಟ ಆರಂಭವಾದರೆ ಬರಿಗೈ ಹಾಕದೆ, ದಪ್ಪ ಟವೆಲ್ ಬಳಸಿ ಕೂಡಲೇ ಬೇರ್ಪಡಿಸಬೇಕು. ಮೊಲದ ಕಡಿತದಿಂದ ಆಳವಾದ ಗಾಯವಾಗಬಲ್ಲದು. ಒಂದನ್ನೊಂದು ನೆಕ್ಕುವುದು, ಮೈಗೆ ಮೈ ತಾಗಿಸಿ ಮಲಗುವುದು ಸ್ನೇಹದ ಲಕ್ಷಣಗಳು.

ಹೊಂದಿಕೊಂಡ ನಂತರ

ಹೊಂದಿಕೊಂಡ ಜೋಡಿಯನ್ನು ಅಗಲಿಸಬಾರದು. ಒಂದನ್ನು ಪಶುವೈದ್ಯರಲ್ಲಿಗೆ ಒಯ್ಯುವಾಗ ಇನ್ನೊಂದನ್ನೂ ಕರೆದೊಯ್ಯುವುದು ಒಳಿತು. ವಾಸನೆ ಬದಲಾದರೆ ಜಗಳ ಮರುಕಳಿಸಬಹುದು. ಕೆಲವು ಜೋಡಿಗಳು ಎಂದಿಗೂ ಹೊಂದಿಕೊಳ್ಳುವುದಿಲ್ಲ. ಅಂಥವನ್ನು ನಡುವೆ ಜಾಲರಿ ಇಟ್ಟು ಪ್ರತ್ಯೇಕವಾಗಿ ಸಾಕಲಾಗುತ್ತದೆ.