ಫಾರೆಸ್ಟ್ ಊರಿನ ಮೊದಲ ಪ್ರಕರಣ

1943ರಲ್ಲಿ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ಆಟಿಸಂ ಕುರಿತ ತನ್ನ ಪ್ರಬಂಧದಲ್ಲಿ 11 ಮಕ್ಕಳನ್ನು ವರ್ಣಿಸಿದ. ಮೊದಲನೆಯವನು ಮಿಸಿಸಿಪ್ಪಿಯ ಫಾರೆಸ್ಟ್ ಎಂಬ ಪುಟ್ಟ ಊರಿನ ಡೊನಾಲ್ಡ್ ಟ್ರಿಪ್ಲೆಟ್. 1937ರಲ್ಲಿ ಅವನನ್ನು ಮನೆಯಿಂದ ದೂರದ ಸಂಸ್ಥೆಗೆ ಸೇರಿಸಿದ್ದರು. ಮರುವರ್ಷ ಹೆತ್ತವರು ಹಟ ಹಿಡಿದು ಕರೆತಂದರು. ಅವನ ಬದುಕು ತಿರುಗಿದ್ದು ಅಲ್ಲಿಂದಲೇ ಎನ್ನಬೇಕು. ಮುಂದೆ ಕೆಲವು ವರ್ಷ ಅವನು ರೈತ ದಂಪತಿಯೊಬ್ಬರ ಮನೆಯಲ್ಲಿದ್ದ. ಮುಸುಕಿನ ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದವನನ್ನು ಅವರು ಗದರಲಿಲ್ಲ, ಉಳುತ್ತಲೇ ಎಣಿಸಲು ಹಚ್ಚಿದರು. ಅಳತೆಯ ಹುಚ್ಚಿಗೆ ಬಾವಿ ತೋಡಿಸಿ ಆಳ ಹೇಳಿಸಿದರು. ವೈದ್ಯಶಾಸ್ತ್ರ ಓದದವರ ಉಪಾಯವಿದು!

ಟ್ರಿಪ್ಲೆಟ್ 1958ರಲ್ಲಿ ಪದವಿ ಪಡೆದ, ಬ್ಯಾಂಕಿನಲ್ಲಿ ದುಡಿದ, ಕಾರು ಓಡಿಸಿದ, ಒಬ್ಬನೇ ದೇಶ ಸುತ್ತಿದ, 2023ರಲ್ಲಿ ತೀರಿಕೊಂಡ. ಬ್ಯಾಂಕು ಮನೆಯವರದ್ದೇ, ಉಳ್ಳವರಿಗೇನು ಕಷ್ಟ ಎನ್ನಬಹುದು. ಮಾತಿನಲ್ಲಿ ಹುರುಳಿದೆ. ಆದರೆ ಅವನನ್ನು ದೂರವಿಟ್ಟದ್ದೂ ಅದೇ ಉಳ್ಳವರ ಮನೆ. 1971ರಲ್ಲಿ ಕ್ಯಾನರ್ ಹಳೆಯ ಮಕ್ಕಳ ಜಾಡು ಹಿಡಿದಾಗ, ಸರ್ಕಾರಿ ಆಸ್ಪತ್ರೆಗಳಲ್ಲಿ ಬೆಳೆದವರು ಮೊದಲಿದ್ದ ಚುರುಕನ್ನೂ ಕಳೆದುಕೊಂಡಿದ್ದರು. ಇನ್ನೊಂದು ಆಕ್ಷೇಪವುಂಟು: ಮಾತೇ ಬಾರದವರಿಗೆ, ದಿನವಿಡೀ ನೆರವು ಬೇಕಾದವರಿಗೆ ಸಂಸ್ಥೆಗೆ ಕಳಿಸದೆ ಮನೆಯಲ್ಲೇ ಬೆಳೆಸುವ ಈ ದಾರಿ ಹೊಂದೀತೆ? ಎಲ್ಲರಿಗೂ ಹೊಂದದು, ಅಂಥ ಮನೆಗಳ ದಣಿವನ್ನು ಇಂಥ ಕಥೆಯಿಂದ ಮುಚ್ಚಬಾರದು. ಆದರೆ ಬಾಲಕ ಡೊನಾಲ್ಡನೂ ಹಗುರ ಪ್ರಕರಣವೇನಲ್ಲ: ಕರೆದರೆ ತಿರುಗುತ್ತಿರಲಿಲ್ಲ, ತನ್ನನ್ನೇ ‘ನೀನು’ ಎನ್ನುತ್ತಿದ್ದ.